ಕತ್ತರಿಸಿದ ಹನ್ನೊಂದು ಸೆಕೆಂಡು: ಗ್ಯಾಂಗ್‌ಸ್ಟರ್ ಚಿತ್ರ ನೋಡುವ ಬಗೆ

ಸಂಕಲನ ನನ್ನ ಕಸುಬು. ಚಿತ್ರೀಕರಿಸಿ ತಂದ ರಾಶಿಯಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಕತ್ತಲೆ ಕೋಣೆಯಲ್ಲಿ ಕೂತು ತೀರ್ಮಾನಿಸುವ ಕೆಲಸ. ನಮ್ಮ ಹೆಸರು ತೆರೆಯ ಮೇಲೆ ಬರುವ ಹೊತ್ತಿಗೆ ಪ್ರೇಕ್ಷಕರು ಇನ್ನೂ ಸೀಟು ಹುಡುಕುತ್ತಿರುತ್ತಾರೆ. ಅದಕ್ಕೆ ಬೇಸರವೇನಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ರೌಡಿ ಕಥೆ ನನ್ನ ಮೇಜಿಗೆ ಬಂತು. ಅದರಲ್ಲಿ ನಾಯಕ ವಸೂಲಿಗೆಂದು ಒಬ್ಬ ದರ್ಜಿಯ ಅಂಗಡಿಗೆ ಹೋಗುತ್ತಾನೆ. ಹಣ ಹೊಂದಿಸಿಲ್ಲ ಎಂದು ಗೊತ್ತಾದೊಡನೆ ಮೇಜನ್ನು ಒದೆಯುತ್ತಾನೆ. ಗುಂಡುಸೂಜಿಯ ಡಬ್ಬಿ ಉರುಳಿ ಸೂಜಿಗಳೆಲ್ಲ ನೆಲದ ಮೇಲೆ ಚೆಲ್ಲುತ್ತವೆ. ನಾಯಕ ಬೆನ್ನು ತಿರುಗಿಸಿ ಹೊರಡುತ್ತಾನೆ. ಛಾಯಾಗ್ರಾಹಕರು ಮಾತ್ರ ಕ್ಯಾಮೆರಾ ನಿಲ್ಲಿಸಿರಲಿಲ್ಲ. ದರ್ಜಿ ಮಂಡಿಯೂರಿ ಕೂತು, ಖಾನೆಯಿಂದ ಲಾಳದ ಆಕಾರದ ಅಯಸ್ಕಾಂತವೊಂದನ್ನು ತೆಗೆದು, ನೆಲದ ಮೇಲೆ ನಿಧಾನವಾಗಿ ಆಡಿಸತೊಡಗುತ್ತಾರೆ. ಸೂಜಿಗಳು ಒಂದೊಂದಾಗಿ ಓಡಿ ಬಂದು ಅಂಟಿಕೊಳ್ಳುತ್ತವೆ. ಹನ್ನೊಂದು ಸೆಕೆಂಡು, ಎಂದರೆ 264 ಫ್ರೇಮ್.

ನಿರ್ದೇಶಕರು ‘ಎಳೆಯುತ್ತಿದೆ’ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬೆನ್ನು ತಿರುಗುವ ಜಾಗದಲ್ಲೇ ಕತ್ತರಿಸಿ, ನೇರವಾಗಿ ಬೀದಿಯಲ್ಲಿ ನಡೆದು ಬರುವ ನಾಯಕನ ಮುಖಕ್ಕೆ ಜೋಡಿಸಿದೆ. ಅದರ ಮೇಲೆ ನಗಾರಿಯ ಮೊದಲ ಪೆಟ್ಟು ಕೂತಿತು. ಬಿಡುಗಡೆಯ ದಿನ ಚಿತ್ರಮಂದಿರದ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಸರಿಯಾಗಿ ಆ ಕಟ್ ಬಂದ ಕ್ಷಣಕ್ಕೆ ಶಿಳ್ಳೆ ಬಿತ್ತು. ಮೈ ಜುಮ್ಮೆಂದಿತು. ಸೂಜಿ ಚುಚ್ಚತೊಡಗಿದ್ದು ಆಮೇಲೆ.

ಈ ಬಗೆಯ ಚಿತ್ರಗಳ ಸೆಳೆತವನ್ನು ನಾವು ತಯಾರಿಸುವುದು ಹೀಗೆಯೇ. ಕಾಯುವ ಹೊತ್ತು, ಗುಡಿಸುವ ಹೊತ್ತು, ಮರುದಿನದ ಬೆಳಗು, ಇವನ್ನೆಲ್ಲ ತೆಗೆದುಬಿಡುತ್ತೇವೆ. ಉಳಿದದ್ದು ತಾನಾಗಿ ಹೊಳೆಯುತ್ತದೆ. ಅಪಾಯವೆಲ್ಲ ತೆಗೆದ ಭಾಗದಲ್ಲಿ ಇರುತ್ತದೆ. ಅದನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಿಕೊಂಡು ನೋಡುವ ಅಭ್ಯಾಸ ನನಗೆ ಹೇಗೆ ಬಂತೋ ಹಾಗೆಯೇ ಇಲ್ಲಿ ಬರೆದಿದ್ದೇನೆ. ಬೇಕಾಗುವ ಸಲಕರಣೆ ಕಡಿಮೆ: ಒಂದು ಚಿತ್ರ, ಒಂದು ನೋಟ್‌ಬುಕ್, ಮೊಬೈಲಿನಲ್ಲಿರುವ ಸ್ಟಾಪ್‌ವಾಚ್, ಮತ್ತೆ ಎರಡನೆಯ ಸಲ ನೋಡುವ ತಾಳ್ಮೆ. ಮುಂದೆ ಹೆಸರಿಸುವ ಚಿತ್ರಗಳಲ್ಲಿ ಹೆಚ್ಚಿನವು ವಯಸ್ಕರಿಗೆ ಮಾತ್ರ, ಅದೂ ನೆನಪಿರಲಿ.

ಮೊದಲ ಸಲ ಸೋತು ನೋಡಿ

ಮೊದಲ ನೋಟದಲ್ಲೇ ಕನ್ನಡಕ ಏರಿಸಿಕೊಂಡು ತಪ್ಪು ಹುಡುಕಲು ಹೋಗಬೇಡಿ. ಸೆಳೆತ ಎಂಥದು ಎಂದು ಮೈಯಿಂದ ತಿಳಿಯದವನಿಗೆ ಅದರ ಬಗ್ಗೆ ಹೇಳಲು ಏನೂ ಇರುವುದಿಲ್ಲ. ದೀಪ ಆರಿಸಿ, ಮೊಬೈಲ್ ಬದಿಗಿಟ್ಟು, ಬಲೆಗೆ ಬೀಳಿ. ಚಿತ್ರ ಮುಗಿದ ಮೇಲೆ ಒಂದೇ ಸಾಲು ಬರೆಯಿರಿ: ಯಾವ ಕ್ಷಣದಲ್ಲಿ ‘ನಾನೂ ಅಲ್ಲಿ ಇರಬೇಕಿತ್ತು’ ಎನ್ನಿಸಿತು?

ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಮಾರ್ಟಿನ್ ಸ್ಕಾರ್ಸೆಸೆ ಅವರ ‘ಗುಡ್‌ಫೆಲಾಸ್’ (1990) ಚಿತ್ರದ್ದು. ಯುವ ಗ್ಯಾಂಗ್‌ಸ್ಟರ್ ಹೆನ್ರಿ ಹಿಲ್ ತನ್ನ ಗೆಳತಿ ಕ್ಯಾರೆನ್‌ಳನ್ನು ಕೋಪಕಬಾನಾ ಎಂಬ ನೈಟ್‌ಕ್ಲಬ್ಬಿಗೆ ಕರೆದೊಯ್ಯುತ್ತಾನೆ. ಮುಂಬಾಗಿಲಲ್ಲಿ ಉದ್ದದ ಸಾಲು. ಇವನು ಕಾರಿನ ಕೀಲಿಯನ್ನು ಯಾರದೋ ಕೈಗಿಟ್ಟು ಪಕ್ಕದ ಬಾಗಿಲಿನಿಂದ ಇಳಿದು, ಅಡುಗೆಮನೆಯ ನಡುವೆ ಹಾದು, ಎದುರಾದವರ ಕೈಗೆಲ್ಲ ನೋಟು ತುರುಕುತ್ತ ಒಳಗೆ ನಡೆಯುತ್ತಾನೆ. ಸಭಾಂಗಣ ತುಂಬಿಹೋಗಿದೆ, ಆದರೂ ಎಲ್ಲಿಂದಲೋ ಒಂದು ಮೇಜು ಗಾಳಿಯಲ್ಲಿ ತೇಲಿಕೊಂಡು ಬಂದು ವೇದಿಕೆಯ ಎದುರಿಗೇ ಇಳಿಯುತ್ತದೆ. ಸುಮಾರು ಮೂರು ನಿಮಿಷ, ನಡುವೆ ಒಂದೂ ಕಟ್ ಇಲ್ಲ. ಸಂಕಲನಕಾರನಿಗೆ ಕೆಲಸವೇ ಇಲ್ಲದ ಆ ಶಾಟ್ ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ನೀನು ಏನು ಕೆಲಸ ಮಾಡುತ್ತೀ ಎಂದು ಅವಳು ಕೇಳಿದರೆ ಕಟ್ಟಡದ ಕೆಲಸ ಎನ್ನುತ್ತಾನೆ. ಅವನ ಅಂಗೈ ಮುಟ್ಟಿ ನೋಡಿದ ಅವಳಿಗೆ ನಂಬಿಕೆ ಬರುವುದಿಲ್ಲ, ಆದರೂ ನಗುತ್ತಾಳೆ. ಸಾಲಿನಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡ ಯಾರಿಗಾದರೂ ಈ ಮೂರು ನಿಮಿಷ ಒಂದು ಸಣ್ಣ ಸ್ವರ್ಗ.

ಎರಡನೆಯ ಸಾಲು ‘ದಿ ಗಾಡ್‌ಫಾದರ್’ (1972) ಚಿತ್ರದ ಮೊದಲ ದೃಶ್ಯದ್ದು. ಶವಸಂಸ್ಕಾರದ ವೃತ್ತಿಯ ಬೊನಾಸೆರಾ ಕತ್ತಲೆಯಲ್ಲಿ ಕೂತು ದೂರು ಹೇಳುತ್ತಿದ್ದಾನೆ. ಮಗಳನ್ನು ಹೊಡೆದು ಹಾಳುಮಾಡಿದ ಹುಡುಗರನ್ನು ನ್ಯಾಯಾಲಯ ಅದೇ ದಿನ ಮನೆಗೆ ಕಳುಹಿಸಿದೆ. ಕ್ಯಾಮೆರಾ ಅವನ ಮುಖದಿಂದ ಮೆಲ್ಲಗೆ ಹಿಂದೆ ಸರಿಯುತ್ತ ಸರಿಯುತ್ತ ಕೇಳಿಸಿಕೊಳ್ಳುತ್ತಿರುವವನ ಹೆಗಲಿನ ಹಿಂದೆ ಬಂದು ನಿಲ್ಲುತ್ತದೆ. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ಬೆಳಕನ್ನು ತಲೆಯ ಮೇಲಿಂದ ಬಿಟ್ಟಿದ್ದರಿಂದ ಡಾನ್‌ನ ಕಣ್ಣುಗಳು ನೆರಳಿನಲ್ಲೇ ಉಳಿಯುತ್ತವೆ. ಅವನ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಕಾಣುವುದಿಲ್ಲ, ಆದರೆ ನಮ್ಮ ಅಹವಾಲನ್ನು ಯಾರೋ ಕೊನೆಗೂ ಕೇಳಿಸಿಕೊಂಡರು ಎನ್ನಿಸುತ್ತದೆ.

ಸರತಿ ತಪ್ಪಿಸಿಕೊಳ್ಳುವ ಆಸೆ, ನ್ಯಾಯದ ಹಸಿವು. ಮೂರನೆಯದಾಗಿ, ‘ನಮ್ಮವನು’ ಎನ್ನಿಸಿಕೊಳ್ಳುವ ಆಸೆ. ನಿಮ್ಮ ಸಾಲು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ. ಅಮೆರಿಕದ ವಿಮರ್ಶಕ ರಾಬರ್ಟ್ ವಾರ್ಶೋ 1948ರಲ್ಲೇ ಇದರ ಇನ್ನೊಂದು ಮಗ್ಗುಲನ್ನು ಹಿಡಿದಿದ್ದರು: ಗ್ಯಾಂಗ್‌ಸ್ಟರ್‌ನ ಜೊತೆಗೆ ಸೇರಿ ನಾವೂ ಹೊಡೆದ ಸುಖ ಪಡೆಯುತ್ತೇವೆ, ಆಮೇಲೆ ಅದೇ ಹೊಡೆತ ಅವನಿಗೆ ತಿರುಗಿ ಬಿದ್ದಾಗಲೂ ಸುಖಿಸುತ್ತೇವೆ. ಒಂದು ಟಿಕೆಟ್ಟಿಗೆ ಎರಡು ಸುಖ. ನಮ್ಮ ಉದ್ಯಮಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ.

ಎರಡನೆಯ ಸಲ ಶಬ್ದ ಆರಿಸಿ

ಇಡೀ ಚಿತ್ರ ಬೇಡ. ನಿಮ್ಮ ಸಾಲಿನ ಆ ಒಂದು ದೃಶ್ಯ ಸಾಕು. ಶಬ್ದವನ್ನು ಪೂರ್ತಿ ಆರಿಸಿ ನೋಡಿ. ಹಿನ್ನೆಲೆ ಸಂಗೀತ ಹೋದೊಡನೆ ಧೀರರೆಲ್ಲ ಸುಮ್ಮನೆ ನಡೆದು ಹೋಗುವ ಗಂಡಸರಾಗುತ್ತಾರೆ. ನಾಯಕನ ಪ್ರವೇಶದಲ್ಲಿ ನಾಯಕ ಸ್ವತಃ ಮಾಡುವುದು ಎಷ್ಟು ಕಡಿಮೆ ಎಂದು ಆಗ ಗೊತ್ತಾಗುತ್ತದೆ. ಕ್ಯಾಮೆರಾ ಅವನ ಸೊಂಟಕ್ಕಿಂತ ಕೆಳಗಿರುತ್ತದೆ, ನಡಿಗೆ ನಿಧಾನಗತಿಯಲ್ಲಿರುತ್ತದೆ. ಮಿಕ್ಕ ಕೆಲಸವೆಲ್ಲ ಸುತ್ತಲಿನವರ ಮುಖಗಳದ್ದು. ಒಬ್ಬ ಬೆಚ್ಚಬೇಕು, ಒಬ್ಬ ಎದ್ದು ನಿಲ್ಲಬೇಕು, ಒಬ್ಬಳು ಕದ್ದು ನೋಡಬೇಕು. ಈ ರಿಯಾಕ್ಷನ್ ಶಾಟ್‌ಗಳನ್ನು ಎಷ್ಟೋ ಸಲ ಬೇರೆಯೇ ದಿನ, ನಾಯಕನಟ ಸೆಟ್ಟಿನಲ್ಲೇ ಇಲ್ಲದಾಗ ತೆಗೆದಿರುತ್ತಾರೆ. ಖಾಲಿ ಗೋಡೆಯನ್ನು ನೋಡಿ ನಡುಗಿದ ಮುಖಗಳನ್ನು ನಾನು ಎಷ್ಟು ಜೋಡಿಸಿದ್ದೇನೋ ಲೆಕ್ಕವಿಲ್ಲ.

ನಿರೂಪಣೆಯ ದನಿ ಇದ್ದರೆ ಇನ್ನೂ ಎಚ್ಚರ ಬೇಕು. ‘ಗುಡ್‌ಫೆಲಾಸ್’ನಲ್ಲಿ ಹುಡುಗ ಹೆನ್ರಿ ಶಾಲೆ ತಪ್ಪಿಸುತ್ತಿದ್ದಾನೆಂದು ಮನೆಗೆ ಪತ್ರ ಬರುತ್ತದೆ. ದೊಡ್ಡವರು ಅಂಚೆಯವನನ್ನು ಹಿಡಿದು ತಂದು, ಪಿಜ್ಜಾ ಒಲೆಯ ಬಾಯಿಗೆ ತಲೆ ತಳ್ಳಿ ಹೆದರಿಸುತ್ತಾರೆ. ಮೇಲೆ ಹೆನ್ರಿಯ ಹಗುರ ದನಿ ಓಡುತ್ತಿರುತ್ತದೆ, ಕೇಳಿದವರು ನಗುತ್ತಾರೆ. ನಾನೂ ನಕ್ಕಿದ್ದೆ. ಶಬ್ದವಿಲ್ಲದೆ ನೋಡಿದರೆ ಸಮವಸ್ತ್ರ ತೊಟ್ಟು ಬ್ಯಾಗು ಹೊತ್ತ ಒಬ್ಬ ಸಂಬಳದಾರ, ಅವನ ಕುತ್ತಿಗೆಯ ಮೇಲೆ ನಾಲ್ಕಾರು ಕೈಗಳು, ಮುಂದೆ ಉರಿಯುವ ಒಲೆ. ಆ ನಗುವನ್ನು ಸ್ಕಾರ್ಸೆಸೆ ಬೇಕೆಂದೇ ನಮ್ಮಿಂದ ಹೊರಡಿಸಿದ್ದಾರೆ. ಸಿನಿಮಾದ ಅರ್ಧದಾಚೆಗೆ ಅದಕ್ಕೆಲ್ಲ ಬಡ್ಡಿ ವಸೂಲು ಮಾಡುತ್ತಾರೆ. ಎಲ್ಲ ನಿರ್ದೇಶಕರಿಗೂ ಆ ವಸೂಲಿಯ ನೆನಪಿರುವುದಿಲ್ಲ.

ಸ್ಟಾಪ್‌ವಾಚ್

ಇದು ನನ್ನ ಕಸುಬಿನ ಪರೀಕ್ಷೆ, ಉಳಿದೆಲ್ಲಕ್ಕಿಂತ ನನಗೆ ಇದರ ಮೇಲೆಯೇ ಭರವಸೆ. ಹಿಂಸೆಯ ದೃಶ್ಯ ಬಂದಾಗ, ಹೊಡೆದವನು ಚೌಕಟ್ಟಿನಿಂದ ಹೊರಟ ಕ್ಷಣದಿಂದ ಸಮಯ ಎಣಿಸಿ. ಪೆಟ್ಟು ತಿಂದವನ ಜೊತೆ ಕ್ಯಾಮೆರಾ ಎಷ್ಟು ಹೊತ್ತು ಉಳಿಯುತ್ತದೆ? ನನ್ನ ಚಿತ್ರದ ಅಂಕ ಸೊನ್ನೆ. ಹನ್ನೊಂದು ಬರಬಹುದಿತ್ತು.

ಹಾಗೆಂದು ಅಂಕ ಹೆಚ್ಚಿದ್ದರೆ ಚಿತ್ರ ಒಳ್ಳೆಯದು ಎಂದು ಸೂತ್ರ ಕಟ್ಟಿಕೊಳ್ಳಬೇಡಿ. ರಕ್ತವನ್ನು ಚಪ್ಪರಿಸಿಕೊಂಡು ಕೂರುವ ಚಿತ್ರಗಳೂ ಇವೆ. ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಪಕ್ಕದಲ್ಲಿ ನಿಂತಿದೆ ಎಂಬುದನ್ನೂ ಬರೆದುಕೊಳ್ಳಿ. ಇದಕ್ಕೆ ನಾನು ಪದೇ ಪದೇ ತೋರಿಸುವುದು ‘ದಿ ಐರಿಷ್‌ಮನ್’ (2019) ಚಿತ್ರದ ಒಂದು ಪುಟ್ಟ ದೃಶ್ಯವನ್ನು. ಮಾಫಿಯಾದ ಕೊಲೆಗಾರ ಫ್ರ್ಯಾಂಕ್‌ನ ಪುಟ್ಟ ಮಗಳು ಪೆಗ್ಗಿಯನ್ನು ದಿನಸಿ ಅಂಗಡಿಯವನು ತಳ್ಳಿದ್ದಾನೆ. ಅಪ್ಪ ಮಗಳ ಕೈ ಹಿಡಿದು ಅಂಗಡಿಗೆ ಹೋಗುತ್ತಾನೆ, ಅವನನ್ನು ಎಳೆದು ತಂದು ಬೀದಿಯಲ್ಲಿ ಕೆಡವಿ, ಕೈಬೆರಳುಗಳನ್ನು ಬೂಟಿನಿಂದ ತುಳಿದು ಮುರಿಯುತ್ತಾನೆ. ಬೇರೆ ಚಿತ್ರದಲ್ಲಾದರೆ ಇದು ಶಿಳ್ಳೆಯ ದೃಶ್ಯ: ಮಗಳಿಗಾಗಿ ಹೊಡೆದ ಅಪ್ಪ! ಇಲ್ಲಿ ಕ್ಯಾಮೆರಾ ದೂರದಲ್ಲಿ ನಿಂತು ತಣ್ಣಗೆ ನೋಡುತ್ತದೆ, ಆಮೇಲೆ ಹುಡುಗಿಯ ಮುಖ ತೋರಿಸುತ್ತದೆ. ಆ ಮುಖದಲ್ಲಿ ಹೆಮ್ಮೆಯಿಲ್ಲ. ಮುಂದೆ ಮೂರು ಗಂಟೆಯ ಉದ್ದಕ್ಕೂ ಅವಳು ಅಪ್ಪನೊಂದಿಗೆ ಆಡುವ ಮಾತು ಬೆರಳೆಣಿಕೆಯಷ್ಟು. ಅದೇ ಚಿತ್ರದಲ್ಲಿ ಹೊಸ ಗೂಂಡಾ ಪರಿಚಯವಾದಾಗಲೆಲ್ಲ ಪಕ್ಕದಲ್ಲಿ ಅಕ್ಷರಗಳು ಮೂಡುತ್ತವೆ: ಇಂಥವನು ಇಂಥ ವರ್ಷ ಹೀಗೆ ಕೊಲೆಯಾದ. ಫಿಲ್ ಟೆಸ್ಟಾ ಎಂಬವನ ಹೆಸರಿನ ಕೆಳಗೆ 1981ರ ಮಾರ್ಚ್ 15ರಂದು ಮನೆ ಜಗಲಿಯ ಕೆಳಗಿಟ್ಟ ಮೊಳೆ ಬಾಂಬು. ಅವನು ಇನ್ನೂ ಕೈಕುಲುಕುತ್ತಿರುತ್ತಾನೆ, ನಾವಾಗಲೇ ಶ್ರದ್ಧಾಂಜಲಿ ಓದಿ ಮುಗಿಸಿರುತ್ತೇವೆ.

ಜಪಾನಿನವರು ಇದನ್ನು ಇನ್ನೂ ಒರಟಾಗಿ ಮಾಡಿದ್ದಾರೆ. 1960ರ ದಶಕದಲ್ಲಿ ಯಾಕುಜಾ, ಎಂದರೆ ಅಲ್ಲಿನ ಸಂಘಟಿತ ಗೂಂಡಾಗಳ ಚಿತ್ರಗಳೆಂದರೆ ಮಾನ, ಋಣ, ಕತ್ತಿ, ಕಿಮೊನೊ. 1973ರಲ್ಲಿ ಕಿಂಜಿ ಫುಕಸಾಕು ‘ಬ್ಯಾಟಲ್ಸ್ ವಿದೌಟ್ ಆನರ್ ಅಂಡ್ ಹ್ಯುಮ್ಯಾನಿಟಿ’ ತೆಗೆದು ಆ ಕಿಮೊನೊವನ್ನು ಹರಿದುಹಾಕಿದರು. ಅದರಲ್ಲಿ ನಾಯಕ ತಪ್ಪೊಪ್ಪಿಗೆಗೆಂದು ಕಿರುಬೆರಳು ಕತ್ತರಿಸಿಕೊಳ್ಳಬೇಕು. ಗಂಭೀರ ವಿಧಿ, ಎಲ್ಲರೂ ಸುತ್ತ ಕೂತಿದ್ದಾರೆ. ಕತ್ತರಿಸಿದ ತುಂಡು ಹಾರಿ ಎಲ್ಲೋ ಬೀಳುತ್ತದೆ. ಆಮೇಲೆ ಅಂಗಳದಲ್ಲಿ ಕೋಳಿಗಳ ನಡುವೆ ಬೆರಳು ಹುಡುಕಾಟ! ಬೆರಳು ಕತ್ತರಿಸಿದ ಕ್ಷಣದಲ್ಲೇ ದೃಶ್ಯ ಮುಗಿಸಿದ್ದರೆ ಅದು ಪುರಾಣವಾಗುತ್ತಿತ್ತು. ಇನ್ನಷ್ಟು ಸೆಕೆಂಡು ಉಳಿಸಿದ್ದರಿಂದ ಕೋಳಿಗಳು ಬಂದವು.

ಖರ್ಚು ವೆಚ್ಚ ಬರೆಯಿರಿ

ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ. ಎಡಗಡೆ ಹಣ ಯಾರಿಂದ ಬಂತು, ಬಲಗಡೆ ಯಾರಿಗೆ ಹೋಯಿತು. ಗ್ಯಾಂಗ್‌ಸ್ಟರ್ ಚಿತ್ರಗಳಲ್ಲಿ ಖರ್ಚು ಮಾಡುವುದನ್ನು ಧಾರಾಳವಾಗಿ ತೋರಿಸುತ್ತೇವೆ, ಬಂದ ದಾರಿಯನ್ನು ಓಡಿಸುತ್ತೇವೆ. ಆದರೂ ಒಳ್ಳೆಯ ಚಿತ್ರಗಳಲ್ಲಿ ಲೆಕ್ಕ ಸಿಗುತ್ತದೆ. ‘ಗುಡ್‌ಫೆಲಾಸ್’ನಲ್ಲಿ ಬ್ಯಾಂಬೂ ಲೌಂಜ್ ಎಂಬ ಹೋಟೆಲಿನ ಮಾಲೀಕ ಹೆನ್ರಿಯ ಸಂಗಡಿಗ ಟಾಮಿಯ ಕಾಟ ತಾಳಲಾರದೆ ದೊಡ್ಡವನಾದ ಪಾಲಿಯ ಬಳಿ ಹೋಗಿ, ನೀವೇ ಪಾಲುದಾರರಾಗಿ ಎಂದು ಕೈಮುಗಿಯುತ್ತಾನೆ. ಪಾಲಿ ಒಪ್ಪುತ್ತಾನೆ. ಅಂದಿನಿಂದ ಹೋಟೆಲಿನ ಹೆಸರಿನಲ್ಲಿ ಸಾಲದ ಮೇಲೆ ಸರಕು ಮುಂಬಾಗಿಲಿಂದ ಬರುತ್ತದೆ, ಹಿಂಬಾಗಿಲಿಂದ ಅರ್ಧ ಬೆಲೆಗೆ ಹೋಗುತ್ತದೆ. 200 ಡಾಲರಿನ ಮದ್ಯದ ಪೆಟ್ಟಿಗೆ 100ಕ್ಕೆ. ಕೊಂಡ ಹಣ ತಮ್ಮದಲ್ಲದಿದ್ದರೆ ಅರ್ಧ ಬೆಲೆಯೂ ಪೂರ್ತಿ ಲಾಭವೇ. ಸಾಲ ಹುಟ್ಟುವುದು ನಿಂತ ದಿನ ಹೋಟೆಲಿಗೆ ಬೆಂಕಿ. ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಈ ಭಾಗವನ್ನು ಎರಡು ಸಲ ನೋಡಿ. ರಕ್ಷಣೆ ಎಂಬ ಸರಕನ್ನು ಇವರು ಮಾರುವ ಬಗೆ ಅದು: ಭಯವನ್ನು ತಂದಿಟ್ಟವನೂ ಭಯ ಬಿಡಿಸಲು ಬಂದವನೂ ಒಂದೇ ಮನೆಯವರು.

ಇದೇ ಸರಕು ಸಿಹಿ ಹೊದಿಕೆಯಲ್ಲಿ ಬಂದರೆ ಗುರುತಿಸುವುದು ಕಷ್ಟ. ‘ದಿ ಗಾಡ್‌ಫಾದರ್ ಭಾಗ 2’ (1974) ಚಿತ್ರದಲ್ಲಿ ಮೊದಲ ಚಿತ್ರದ ಡಾನ್ ವೀಟೊ ಯುವಕನಾಗಿದ್ದಾಗ, ವಿಧವೆಯೊಬ್ಬಳನ್ನು ಮನೆ ಬಿಡಿಸುತ್ತಿರುವ ಮಾಲೀಕನ ಬಳಿ ಮೃದುವಾಗಿ ಮಾತಾಡುತ್ತಾನೆ. ಮಾಲೀಕ ಆಚೆ ಈಚೆ ವಿಚಾರಿಸಿ, ಇವನು ಯಾರೆಂದು ತಿಳಿದು, ಬೆವರುತ್ತ ಬಂದು ಬಾಡಿಗೆ ಇಳಿಸಿ ಹೋಗುತ್ತಾನೆ. ಬಾಗಿಲು ತೆರೆಯಲೂ ಅವನಿಗೆ ಕೈ ನಡುಗುತ್ತದೆ, ನಾವು ಮುಸಿಮುಸಿ ನಗುತ್ತೇವೆ. ವಿಧವೆಗೆ ಒಳ್ಳೆಯದೇ ಆಯಿತು. ಆದರೆ ಹಾಳೆಯ ಎಡ ಅಂಕಣದಲ್ಲಿ ‘ಹೆದರಿಕೆಯಿಂದ ಬಂದದ್ದು’ ಎಂದೇ ಬರೆಯಬೇಕು. ಅದೇ ವೀಟೊ ಸ್ವಲ್ಪ ಹಿಂದೆ ಫನೂಚಿ ಎಂಬ ವಸೂಲಿಗಾರನನ್ನು ಕೊಂದಿದ್ದಾನೆ. ಅವನು ಹೋದ ಕುರ್ಚಿ ಖಾಲಿ ಉಳಿದಿಲ್ಲ.

ಇನ್ನು ಕೆಳಗಿನವರ ಸಂಬಳ. ಸ್ಟೀವನ್ ಲೆವಿಟ್ ಮತ್ತು ಸುಧೀರ್ ವೆಂಕಟೇಶ್ ಎಂಬ ವಿದ್ವಾಂಸರಿಗೆ ಅಮೆರಿಕದಲ್ಲಿ ಮಾದಕ ವಸ್ತು ಮಾರುವ ಒಂದು ಗ್ಯಾಂಗಿನ ಲೆಕ್ಕದ ಪುಸ್ತಕಗಳೇ ಸಿಕ್ಕಿದ್ದವು. 2000ದಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಬೀದಿಯಲ್ಲಿ ನಿಂತು ಮಾರುವ ಹುಡುಗರ ಗಳಿಕೆ ಅಲ್ಲಿನ ಕನಿಷ್ಠ ಕೂಲಿಯ ಆಸುಪಾಸು, ವರ್ಷಕ್ಕೆ ಸಾಯುವವರ ಪ್ರಮಾಣ ಕನಿಷ್ಠ ಶೇ 7. ದೊಡ್ಡ ಹಣವೆಲ್ಲ ಮೇಲಿನ ಬೆರಳೆಣಿಕೆಯ ಮಂದಿಯದು. ಅವರ ಕುರ್ಚಿಯ ಆಸೆಗೆ ಇವರು ಬೀದಿಯಲ್ಲಿ ನಿಂತಿರುತ್ತಾರೆ. ಈ ಅಂಕಿಗಳು ತೆರೆಯ ಮೇಲೆ ಮನುಷ್ಯರೂಪದಲ್ಲಿ ಬೇಕೆಂದರೆ ‘ಡಾನಿ ಬ್ರಾಸ್ಕೊ’ (1997) ನೋಡಿ. ಅಲ್ಲಿ ಮಾಫಿಯಾದವರು ಕದ್ದು ತಂದ ಪಾರ್ಕಿಂಗ್ ಮೀಟರುಗಳನ್ನು ಸುತ್ತಿಗೆಯಿಂದ ಜಜ್ಜಿ ಚಿಲ್ಲರೆ ಆರಿಸುತ್ತಾರೆ. ಚಿಲ್ಲರೆ! ವಯಸ್ಸಾದ ಲೆಫ್ಟಿ ಜೀವನವಿಡೀ ದುಡಿದರೂ ಮೇಲಕ್ಕೆ ಏರಿಲ್ಲ. ಕೊನೆಗೆ ತನಗೆ ಕರೆ ಬಂದಾಗ, ಎಲ್ಲಿಗೆ ಎಂದು ತಿಳಿದೂ, ಕೈಗಡಿಯಾರ, ಉಂಗುರಗಳನ್ನು ಬಿಚ್ಚಿ ಡ್ರಾಯರಿನಲ್ಲಿಟ್ಟು, ಹೆಂಡತಿಗೆ ಕಾಣಲೆಂದು ಅದನ್ನು ಸ್ವಲ್ಪ ತೆರೆದೇ ಬಿಟ್ಟು ಹೊರಡುತ್ತಾನೆ. (ನಿಜದ ಲೆಫ್ಟಿ ಆಗ ಸಾಯಲಿಲ್ಲ, ಪೊಲೀಸರ ಕೈಗೆ ಸಿಕ್ಕು ಜೈಲಿಗೆ ಹೋದ.) ಆ ಡ್ರಾಯರಿನ ಶಾಟನ್ನು ಯಾವ ಸಂಕಲನಕಾರನೂ ಮುಟ್ಟಬಾರದು.

ಕೊನೆಯ ರೀಲನ್ನು ನಂಬಬೇಡಿ

‘ಕೊನೆಗೆ ಸಾಯುತ್ತಾನಲ್ಲ, ನೀತಿ ಇದೆಯಲ್ಲ’ ಎನ್ನುವುದು ನಮ್ಮ ಉದ್ಯಮದ ಹಳೆಯ ಜಾಮೀನು. ಇದರ ಇತಿಹಾಸ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. 1931ರಲ್ಲಿ ‘ಲಿಟ್ಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’, 1932ರಲ್ಲಿ ‘ಸ್ಕಾರ್‌ಫೇಸ್’ ಬಂದು ಅಮೆರಿಕದಲ್ಲಿ ಗದ್ದಲವೆದ್ದಿತು. ಗೂಂಡಾನನ್ನು ವೈಭವೀಕರಿಸುವುದು ತಮ್ಮ ಉದ್ದೇಶವಲ್ಲ ಎಂದು ‘ದಿ ಪಬ್ಲಿಕ್ ಎನಿಮಿ’ ತೆರೆಯ ಮೇಲೇ ಬರೆದು ತೋರಿಸಿತು. ‘ಸ್ಕಾರ್‌ಫೇಸ್’ ಸರ್ಕಾರವನ್ನೇ ‘ನೀವೇನು ಮಾಡುತ್ತೀರಿ’ ಎಂದು ಕೇಳಿತು. ಸೆನ್ಸಾರಿಗೆ ಅದೂ ಸಾಲದೆ, ನಾಯಕನನ್ನು ಗಲ್ಲಿಗೇರಿಸುವ ಇನ್ನೊಂದು ಅಂತ್ಯವನ್ನು ತೆಗೆಸಿದರು. ನಾಯಕನಟ ಪಾಲ್ ಮುನಿ ಆ ಹೊತ್ತಿಗೆ ಸಿಗಲಿಲ್ಲವಾದ್ದರಿಂದ ಮುಖ ಕಾಣದಂತೆ ಬೇರೊಬ್ಬನನ್ನು ನಿಲ್ಲಿಸಿದರು. ನೀತಿಗೆ ಮುಖವೇ ಇರಲಿಲ್ಲ ಎಂದು ನಾನು ತಮಾಷೆ ಮಾಡುವುದುಂಟು. 1934ರಿಂದ ಹಾಲಿವುಡ್ ಚಿತ್ರಗಳ ನಿಯಮಾವಳಿ ಬಿಗಿಯಾಯಿತು. ಮರುವರ್ಷ ‘ಜಿ ಮೆನ್’ ಚಿತ್ರದಲ್ಲಿ ‘ದಿ ಪಬ್ಲಿಕ್ ಎನಿಮಿ’ಯಲ್ಲಿ ಗೂಂಡಾ ಆಗಿದ್ದ ಜೇಮ್ಸ್ ಕ್ಯಾಗ್ನಿ ಪೊಲೀಸ್ ಕಡೆಗೆ ಬಂದು ಅದೇ ಬಂದೂಕು ಹಿಡಿದ.

ಎಂಬತ್ತು ನಿಮಿಷ ಏರಿಸಿ ಐದು ನಿಮಿಷ ಬೀಳಿಸಿದರೆ ಜನ ಮನೆಗೆ ಒಯ್ಯುವುದು ಎಂಬತ್ತನ್ನೇ. ನನ್ನ ಅಕ್ಕನ ಮಗನಿಗೆ ಹತ್ತೊಂಬತ್ತು. ಅವನ ಮೊಬೈಲಿನ ಪರದೆಯ ಮೇಲೆ 1983ರ ‘ಸ್ಕಾರ್‌ಫೇಸ್’ನ ಟೋನಿ ಮೊಂಟಾನಾ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾನೆ. ‘ಆ ಕುರ್ಚಿಯಿಂದ ಎದ್ದವನು ಹೆಣವಾಗಿ ಕಾರಂಜಿಗೆ ಬೀಳುತ್ತಾನೆ ಕಣೋ’ ಎಂದೆ. ‘ಬಿದ್ದರೂ ರಾಜನ ಹಾಗೆ ಬಿದ್ದ ಮಾವ’ ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಆ ಸಾವಿಗೆ ಎಷ್ಟು ಕ್ಯಾಮೆರಾ, ಎಷ್ಟು ಗುಂಡು, ಎಷ್ಟು ಬೆಳಕು ಸುರಿದಿದ್ದಾರೆ! ಅದು ಪಟ್ಟಾಭಿಷೇಕದ ಹಾಗೆಯೇ ಇದೆ.

ಅವನ ಮಾತಿಗೆ ಉತ್ತರ ಒಂದು ಇಟಾಲಿಯನ್ ಚಿತ್ರದಲ್ಲಿ ಸಿಕ್ಕಿತು. ಮತ್ತೇಯೊ ಗರೋನೆ ಅವರ ‘ಗೊಮೋರಾ’ (2008). ರೊಬೆರ್ತೊ ಸವಿಯಾನೊ ನೇಪಲ್ಸಿನ ಅಪರಾಧ ಸಂಘಟನೆ ಕ್ಯಾಮೊರಾ ಬಗ್ಗೆ 2006ರಲ್ಲಿ ಬರೆದ ಪುಸ್ತಕ ಇದಕ್ಕೆ ಆಧಾರ. ಆ ಪುಸ್ತಕ ಬರೆದದ್ದಕ್ಕಾಗಿ ಅವರು ಅಂದಿನಿಂದ ಪೊಲೀಸ್ ಕಾವಲಿನಲ್ಲೇ ಬದುಕುತ್ತಿದ್ದಾರೆ. ಚಿತ್ರದಲ್ಲಿ ಇಬ್ಬರು ಹುಡುಗರಿಗೆ ಟೋನಿ ಮೊಂಟಾನಾ ಆಗುವ ಹುಚ್ಚು. ಪಾಳುಬಿದ್ದ ಬಂಗಲೆಯಲ್ಲಿ ಅವನ ಮಾತು ಒದರುತ್ತಾರೆ. ಕ್ಯಾಮೊರಾದವರದೇ ಬಂದೂಕುಗಳನ್ನು ಕದ್ದು, ಚಡ್ಡಿಯಲ್ಲಿ ನೀರಿನಂಚಿನಲ್ಲಿ ನಿಂತು ಗುಂಡು ಹಾರಿಸಿ ಕೇಕೆ ಹಾಕುತ್ತಾರೆ. ಕೊನೆಗೆ ದೊಡ್ಡವರು ಕೆಲಸವಿದೆ ಎಂದು ಕರೆಸಿ ಕೊಲ್ಲುತ್ತಾರೆ. ನಿಧಾನಗತಿ ಇಲ್ಲ, ಕಾರಂಜಿ ಇಲ್ಲ. ಮಣ್ಣೆತ್ತುವ ಯಂತ್ರವೊಂದು ಬಂದು ಎರಡೂ ದೇಹಗಳನ್ನು ಬಕೆಟ್ಟಿನಲ್ಲಿ ಹೊತ್ತು ಹೊರಟುಹೋಗುತ್ತದೆ. ಅಕ್ಕನ ಮಗ ಅಂದು ಏನೂ ಮಾತಾಡಲಿಲ್ಲ. ಪರದೆಯ ಮೇಲಿನ ಚಿತ್ರವನ್ನೂ ತೆಗೆಯಲಿಲ್ಲ, ಹಾಗೆಂದು ಸುಳ್ಳು ಹೇಳುವುದಿಲ್ಲ.

ಹುಚ್ಚು ಹುಡುಗರದಷ್ಟೇ ಅಲ್ಲ. ನೇಪಲ್ಸಿನ ಹತ್ತಿರದ ಕಜಾಲ್ ದಿ ಪ್ರಿಂಚಿಪೆ ಎಂಬ ಊರಿನಲ್ಲಿ ಕ್ಯಾಮೊರಾದ ನಿಜ ನಾಯಕನೊಬ್ಬ ಟೋನಿ ಮೊಂಟಾನಾನ ಬಂಗಲೆಯ ಮಾದರಿಯಲ್ಲೇ ಮನೆ ಕಟ್ಟಿಸಿಕೊಂಡಿದ್ದ. ಕನ್ನಡದ ‘ಓಂ’ (1995) ಚಿತ್ರದಲ್ಲಿ ಭೂಗತ ಲೋಕದ ನಿಜವಾದ ವ್ಯಕ್ತಿಗಳೇ ಬಂದು ನಟಿಸಿದ್ದರು. ತೆರೆಗೂ ಬೀದಿಗೂ ನಡುವೆ ಓಡಾಟ ಎರಡೂ ಕಡೆಯಿಂದ ಇದೆ.

ಒಂಟಿ ಚಿತ್ರ ಬೇಡ, ಜೋಡಿಯಾಗಿ ನೋಡಿ

ಒಂದು ಹೊಳೆಯುವ ಚಿತ್ರ ನೋಡಿದರೆ ಅದರ ಹಿಂದೆಯೇ ಒಂದು ಮಂಕು ಚಿತ್ರ ನೋಡಿ. 1983ರ ‘ಸ್ಕಾರ್‌ಫೇಸ್’ ಜೊತೆ ‘ಗೊಮೋರಾ’. ‘ದಿ ಗಾಡ್‌ಫಾದರ್’ ಜೊತೆ ‘ಐ ಚೆಂತೊ ಪಾಸ್ಸಿ’ (2000), ‘ನೂರು ಹೆಜ್ಜೆ’ ಎಂದರ್ಥ. ಸಿಸಿಲಿಯ ಪೆಪ್ಪಿನೊ ಇಂಪಾಸ್ತಾತೊ ಎಂಬ ತರುಣನ ಮನೆಗೂ ಮಾಫಿಯಾ ನಾಯಕನ ಮನೆಗೂ ಇದ್ದ ದೂರ ಅದು. ಮಾಫಿಯಾದ ನಂಟಿದ್ದ ಮನೆಯಲ್ಲೇ ಹುಟ್ಟಿ, ರೇಡಿಯೊದಲ್ಲಿ ಆ ನಾಯಕನನ್ನು ಗೇಲಿ ಮಾಡುತ್ತಿದ್ದ ಅವನನ್ನು 1978ರ ಮೇ 9ರಂದು ಕೊಂದರು. ಡಾನ್‌ನ ಕೋಣೆಯಲ್ಲಿ ಕೂತು ಅಹವಾಲು ಕೇಳಿಸಿ ಬಂದವರಿಗೆ ಎದುರು ಮನೆಯ ಕಿಟಕಿಯಿಂದ ಆ ಕೋಣೆ ಹೇಗೆ ಕಾಣುತ್ತದೆ ಎಂದು ಗೊತ್ತಾಗುತ್ತದೆ.

ಹುಡುಗರ ಜೊತೆ ನೋಡುವುದಾದರೆ

ಉಪದೇಶ ಬೇಡ. ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’ (1938) ಚಿತ್ರದಲ್ಲಿ ಪಾದ್ರಿಯೊಬ್ಬರು ತಮ್ಮ ಬಾಲ್ಯದ ಗೆಳೆಯ, ಮರಣದಂಡನೆಗೆ ಹೊರಟ ಗ್ಯಾಂಗ್‌ಸ್ಟರ್ ರಾಕಿಯನ್ನು ಬೇಡಿಕೊಳ್ಳುತ್ತಾರೆ: ಕೇರಿಯ ಹುಡುಗರು ನಿನ್ನನ್ನು ಪೂಜಿಸುತ್ತಿದ್ದಾರೆ, ಸಾಯುವಾಗ ಹೇಡಿಯಂತೆ ಅತ್ತು ಸಾಯಿ. ಅವನು ಒಪ್ಪುವುದಿಲ್ಲ, ಆದರೆ ಕೊನೆಯ ಕ್ಷಣದಲ್ಲಿ ಕಿರುಚಾಡುತ್ತಾನೆ. ನಿಜಕ್ಕೂ ಹೆದರಿದನೋ ನಟಿಸಿದನೋ ಚಿತ್ರ ಹೇಳುವುದಿಲ್ಲ. ಹುಡುಗರನ್ನು ಸರಿದಾರಿಗೆ ತರಲು ಪಾದ್ರಿಗೂ ಒಂದು ನಾಟಕ ಬೇಕಾಯಿತು ಎಂಬುದನ್ನು ಯೋಚಿಸಿ. ಗದರಿಸಿ ಹೇಳಿದ ಮಾತು ಸಿನಿಮಾದ ಎದುರು ನಿಲ್ಲುವುದಿಲ್ಲ.

ನಾನು ಮಾಡುವುದು ಇಷ್ಟೇ. ಅವರಿಗೆ ಇಷ್ಟವಾದ ದೃಶ್ಯವನ್ನು ಅವರೇ ಆರಿಸಲಿ, ಸ್ಟಾಪ್‌ವಾಚ್ ಅವರ ಕೈಯಲ್ಲೇ ಇರಲಿ. ದೃಶ್ಯ ಮುಗಿದಲ್ಲಿ ನಿಲ್ಲಿಸಿ, ‘ಇದಾದ ಹತ್ತು ನಿಮಿಷಕ್ಕೆ ಈ ಕೋಣೆಯಲ್ಲಿ ಏನು ನಡೆಯುತ್ತಿರುತ್ತದೆ?’ ಎಂದು ಕೇಳಿ. ಉತ್ತರ ಬರದಿದ್ದರೂ ಸರಿ, ಮುಂದಿನ ದೃಶ್ಯ ಹಾಕಿ. ಕೆಡುಕಿಗೂ ಮುದ್ದು ಮುಖವಿರುತ್ತದೆ ಎಂದು ತಿಳಿಯಲು ‘ಎ ಬ್ರಾಂಕ್ಸ್ ಟೇಲ್’ (1993) ಒಳ್ಳೆಯದು. ಬಸ್ ಚಾಲಕನ ಮಗ ಕೇರಿಯ ದೊಡ್ಡವನಾದ ಸನ್ನಿಯ ಬಾರಿನಲ್ಲಿ ಓಡಾಡಿ 600 ಡಾಲರ್ ಸಂಪಾದಿಸುತ್ತಾನೆ. ಅಪ್ಪ ಅದನ್ನು ಹಾಗೆಯೇ ಒಯ್ದು ಸನ್ನಿಯ ಮುಂದೆ ಇಡುತ್ತಾನೆ. ಚಿತ್ರ ಇಬ್ಬರನ್ನೂ ಪ್ರೀತಿಯಿಂದ ನೋಡುತ್ತದೆ. ಹುಡುಗನೇ ನಿರ್ಧರಿಸಲಿ ಎಂದು ಬಿಡುವ ಧೈರ್ಯ ಅದಕ್ಕಿದೆ.

ಕಳೆದ ತಿಂಗಳು ಹಳೆಯ ಹಾರ್ಡ್‌ಡಿಸ್ಕೊಂದರಲ್ಲಿ ಆ ಹನ್ನೊಂದು ಸೆಕೆಂಡು ಸಿಕ್ಕಿತು. ಅಕ್ಕನ ಮಗನನ್ನು ಕರೆದು ಕೂರಿಸಿದೆ. ಮೊದಲು ತೆರೆಕಂಡ ರೂಪ ಹಾಕಿದೆ. ನಗಾರಿಯ ಪೆಟ್ಟಿಗೆ ಅವನ ಕಾಲು ತಾನಾಗಿ ತಾಳ ಹಾಕಿತು. ಆಮೇಲೆ ಕತ್ತರಿಸಿದ್ದನ್ನು ಜೋಡಿಸಿ ಹಾಕಿದೆ. ದರ್ಜಿ ಮಂಡಿಯೂರಿದರು, ಅಯಸ್ಕಾಂತ ಆಡಿತು. ಹಿಂದೆ ಗಮನಿಸದಿದ್ದುದೊಂದು ನನಗೂ ಈಗ ಕಂಡಿತು: ಕೊನೆಯಲ್ಲಿ ಅವರು ಅಂಗೈಯನ್ನು ನೆಲದ ಮೇಲೆ ಸವರಿ ಮತ್ತೊಮ್ಮೆ ನೋಡಿಕೊಳ್ಳುತ್ತಾರೆ, ಬರಿಗಾಲಲ್ಲಿ ಬರುವ ಗಿರಾಕಿಗೆ ಚುಚ್ಚಬಾರದೆಂದು.

‘ಮೊದಲಿನದನ್ನು ಇನ್ನೊಮ್ಮೆ ಹಾಕಿ ಮಾವ’ ಎಂದ.

ಹಾಕಿದೆ. ಬೆನ್ನು ತಿರುಗಿತು, ನಗಾರಿ ಬಡಿಯಿತು, ನಾಯಕ ಬೀದಿಗೆ ಬಂದ. ಈ ಸಲ ಅವನು ಸ್ಪೇಸ್‌ಬಾರ್ ಒತ್ತಿ ನಿಲ್ಲಿಸಿದ.

‘ಇದರಲ್ಲಿ ಸೂಜಿಗಳು ಇನ್ನೂ ನೆಲದ ಮೇಲೇ ಇವೆ, ಅಲ್ಲವೇ?’

ಇವೆ ಎಂದೆ.